ಟೀಚರ ಮನೆಯ ಹಸಿರು ಬಚ್ಚಲು

2006ರ ಮೇ ತಿಂಗಳಲ್ಲಿ, ಕೊಪ್ಪದಲ್ಲಿ ನಾನು ಬಾಡಿಗೆಗಿದ್ದ ಮನೆಯ ಬಚ್ಚಲನ್ನು ಒಡೆದು ಹೊಸದು ಮಾಡಿದರು. ಗೋಡೆಯ ಕಡುಹಸಿರು ಟೈಲ್ಸ್ ಹೋಗಿ ಬಿಳಿ ಟೈಲ್ಸ್ ಬಂತು. ಊರಿನ ಮಟ್ಟಿಗೆ ಅದು ಸುದ್ದಿಯಲ್ಲ. ಆಗ ನಾನು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಿಗೆ ಒಂದು ದಿನಪತ್ರಿಕೆಯ ವರದಿಗಾರನಾಗಿದ್ದೆ. ಕೆರೆ ಒಡೆದದ್ದು, ಬಸ್ಸು ಮಗುಚಿದ್ದು, ಪಂಚಾಯಿತಿ ಸಭೆಯಲ್ಲಿ ಕುರ್ಚಿ ಎತ್ತಿದ್ದು, ಎಲ್ಲವನ್ನೂ ಬರೆದಿದ್ದೇನೆ. ಈ ಬಚ್ಚಲಿನ ಬಗ್ಗೆ ಒಂದು ಸಾಲೂ ಬರೆದಿರಲಿಲ್ಲ.

ಕಳೆದ ತಿಂಗಳು ನಮ್ಮ ಮನೆಯ ಸ್ನಾನದ ಕೋಣೆಗೆಂದು ಟೈಲ್ಸ್ ಅಂಗಡಿಗೆ ಹೋಗಿದ್ದೆ. ಅಂಗಡಿಯಾತ ಮಾದರಿಗಳ ರಾಶಿಯಿಂದ ಒಂದನ್ನು ಎಳೆದು ಕೈಗೆ ಕೊಟ್ಟ. ಅಂಗೈಗಿಂತ ಸ್ವಲ್ಪ ದೊಡ್ಡದು. ಅಂಚಿನಲ್ಲಿ ಹೊಳಪು ಕೊಂಚ ದಪ್ಪಗೆ ಕಟ್ಟಿಕೊಂಡಿತ್ತು. “ಹಳೇ ಕಾಲದ ಲುಕ್ ಸರ್, ಈಗ ಇದೇ ಓಡ್ತಿರೋದು” ಎಂದ. ತುಂಡನ್ನು ಬೆಳಕಿಗೆ ಹಿಡಿದೆ. ಅದೇ ಹಸಿರು... ಟೀಚರ ಬಚ್ಚಲಿನ ಹಸಿರು.

ಟೀಚರ್ ಎಂದರೆ ನನ್ನ ಮನೆಯ ಓನರ್. ಮೂರನೇ ಕ್ಲಾಸಿಗೆ ಪಾಠ ಹೇಳಿ ನಿವೃತ್ತರಾದವರು. ಊರಿನಲ್ಲಿ ಅರ್ಧ ಜನ ಅವರ ಶಿಷ್ಯರೇ ಆದ್ದರಿಂದ ಯಾರೂ ಅವರನ್ನು ಹೆಸರಿನಿಂದ ಕರೆಯುತ್ತಿರಲಿಲ್ಲ. ತವರು ಶೃಂಗೇರಿ ಹತ್ತಿರದ ಮೆಣಸೆ. ತಂದೆ ಮಠದಲ್ಲಿ ವೇದಪಾಠ ಹೇಳುತ್ತಿದ್ದವರು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಸಹಕಾರಿ ಸಂಘದಲ್ಲಿ ಗುಮಾಸ್ತನಾಗಿದ್ದ ಮಗ, ಪೇಟೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದ ಸೊಸೆ, ಅವರ ಜೊತೆ ಟೀಚರ್. ಅದರದೇ ಚಿಕ್ಕ ಬಚ್ಚಲಿದ್ದ ಮೇಲಿನ ಕೋಣೆಯಲ್ಲಿ ನಾನು.

ಆ ಟೈಲ್ಸನ್ನು ಅವರ ಯಜಮಾನರು ಮಂಗಳೂರಿನಿಂದ ಲಾರಿಯಲ್ಲಿ ತರಿಸಿದ್ದರಂತೆ. ಎದೆಯೆತ್ತರದ ತನಕ ಕಡುಹಸಿರು ಗೋಡೆ, ಕೆಳಗೆ ಕಾವಿ ಬಣ್ಣದ ನೆಲ, ಎರಡೂ ಸೇರುವಲ್ಲಿ ಸುತ್ತಲೂ ಒಂದು ಕರಿ ಪಟ್ಟಿ. ಮೂಲೆಯಲ್ಲಿ ತಾಮ್ರದ ಹಂಡೆ. ಬೀದಿಯಲ್ಲಿ ಮೊದಲು ಟೈಲ್ಸ್ ಕಂಡ ಬಚ್ಚಲು ಅದೇ. ಅಕ್ಕಪಕ್ಕದವರು ನೋಡಲು ಬಂದಿದ್ದರಂತೆ. “ದೇವರಕೋಣೆಗೆ ಕಾವಿ ನೆಲ, ಬಚ್ಚಲಿಗೆ ಗಾಜಿನ ಗೋಡೆ ಅಂತ ನಮ್ಮತ್ತೆ ಮಗನ ಹತ್ತಿರ ಮಾತೇ ಬಿಟ್ಟಿದ್ರು. ಸ್ನಾನ ಮಾತ್ರ ದಿನಾ ಅಲ್ಲೇ ಮಾಡ್ತಿದ್ರು” ಎಂದು ಟೀಚರ್ ನಗುತ್ತಿದ್ದರು. ನಾನು ಬರುವ ಹೊತ್ತಿಗೆ ಆ ಹಸಿರಿಗೆ ವಯಸ್ಸಾಗಿತ್ತು. ಸೊಸೆಯ ತಂಗಿ ಒಮ್ಮೆ ಬಂದವಳು, “ಇದೆಂತ ಅಕ್ಕ, ಆಪರೇಷನ್ ಥಿಯೇಟರ್ ಇದ್ದಂಗೆ ಉಂಟು” ಅಂದಿದ್ದಳು.

ಟೀಚರ ದಿನ ಆ ಬಚ್ಚಲಿನಿಂದಲೇ ಶುರುವಾಗುತ್ತಿತ್ತು. ಬೆಳಿಗ್ಗೆ ಎದ್ದು ಸ್ನಾನ, ಕೋಲಿನಿಂದ ಮಡಿಸೀರೆ ತೆಗೆದು ಉಡುವುದು, ನೇರ ಅಡುಗೆಮನೆ. ಅಡುಗೆ, ನೈವೇದ್ಯ, ಊಟ ಮುಗಿಯುವವರೆಗೆ ಯಾರೂ ಅವರನ್ನು ಮುಟ್ಟುವಂತಿರಲಿಲ್ಲ. ಮಡಿಯಲ್ಲಿ ಬೇಯಿಸಿದ್ದಲ್ಲದ ಅನ್ನ ತಿನ್ನುತ್ತಿರಲಿಲ್ಲ. ಮಗ ಸೊಸೆಯ ಮೇಲೆ ಇದನ್ನು ಹೇರಿದವರಲ್ಲ. “ಅವರಿಗೆ ಕೆಲಸ ಉಂಟು. ನನಗೆ ಇದೇ ಕೆಲಸ” ಎನ್ನುತ್ತಿದ್ದರು. ನಾನು ಹಂಡೆಯ ಬಿಸಿನೀರಿಗೆಂದು ಬಕೆಟ್ ಹಿಡಿದು ಹಿತ್ತಿಲಿಗೆ ಇಳಿಯುವಾಗ ಅವರು ಎದುರಾದರೆ ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿದ್ದೆ. “ದೂರ ನಿಲ್ಲು ಪೇಪರ್ ಮಾಣಿ, ನಿನ್ನ ಸುದ್ದಿ ಎಲ್ಲ ಆಮೇಲೆ.”

ಊಟದ ಮೇಲೆ ಜಗಲಿಯಲ್ಲಿ ಕೂತು ನನ್ನಿಂದ ಪೇಪರ್ ಓದಿಸುತ್ತಿದ್ದರು. ಕನ್ನಡಕ ಮೂಗಿನ ಮೇಲೇ ಇರುತ್ತಿತ್ತು. ನೀವೇ ಓದಬಹುದಲ್ಲ ಅಂದರೆ, “ನೀ ಬರೆದದ್ದು ನೀನೇ ಓದು. ಎಲ್ಲಿ ತಪ್ಪಿದೆ ಅಂತ ನಿನ್ನ ಕಿವಿಗೂ ಗೊತ್ತಾಗಲಿ” ಎನ್ನುತ್ತಿದ್ದರು. ತಪ್ಪನ್ನು ಹಿಡಿಯುತ್ತಲೂ ಇದ್ದರು. ವಾಕ್ಯ ಉದ್ದವಾದರೆ ಕೈ ಎತ್ತಿ ನಿಲ್ಲಿಸುತ್ತಿದ್ದರು. ಮೇಷ್ಟ್ರ ಅಭ್ಯಾಸ ಎಂದುಕೊಂಡಿದ್ದೆ.

ಬಚ್ಚಲು ರಿಪೇರಿ ಆಗಬೇಕೆಂದು ಹೇಳಿದವರು ಟೀಚರೇ. ಬಚ್ಚಲಿನ ನೀರು ಗೋಡೆಯೊಳಗೆ ಇಳಿದು ಆಚೆ ಬದಿಯ ಅಡುಗೆಮನೆಯಲ್ಲಿ ತೇವ ಕಾಣಿಸಿಕೊಂಡಿತ್ತು. ಬಚ್ಚಲ ನೀರು ಅಡುಗೆಮನೆಗೆ ಬರುವುದನ್ನು ಅವರು ಸಹಿಸುವ ಮಾತೇ ಇರಲಿಲ್ಲ. ಮೇಸ್ತ್ರಿ ಬಂದು ಬೆರಳ ಗೆಣ್ಣಿನಿಂದ ಗೋಡೆ ಬಡಿದು ನೋಡಿದ. ಟೈಲ್ಸ್ ಹಿಂದೆ ಟೊಳ್ಳಾಗಿದೆ, ಪೂರ್ತಿ ತೆಗೆಯದೆ ಆಗುವುದಿಲ್ಲ ಎಂದ. ತೆಗೆಯುವುದೇ ಆದರೆ ಎಲ್ಲವನ್ನೂ ಸರಿ ಮಾಡಿಬಿಡೋಣ ಎಂದು ಮಗ ಹೇಳಿದ. ಹಂಡೆಯ ಬದಲು ಗೀಸರ್, ಕೂರಲು ಕಮೋಡ್, ನಲ್ಲಿ ಆಚೆ ಗೋಡೆಗೆ.

ಟೈಲ್ಸ್ ಆರಿಸಲು ಮಗ, ಸೊಸೆ ಶೃಂಗೇರಿಗೆ ಹೋಗಿ ಬಂದರು. ಸೊಸೆ ಬಿಳಿಯನ್ನು ಆರಿಸಿದ್ದರು. ಗೋಡೆಗೂ ಅದೇ, ನೆಲಕ್ಕೂ ಅದೇ ಬಣ್ಣದ, ಜಾರದಂಥದ್ದು. “ಅತ್ತೆಗೆ ಕಣ್ಣು ಮಂಜು ಅಂತಾರೆ. ಆ ಹಸಿರಲ್ಲಿ ಹಗಲಲ್ಲೂ ಕತ್ತಲೆ. ಬಿಳಿ ಆದ್ರೆ ಬೆಳಕಾಗ್ತದೆ” ಎಂದು ನನಗೆ ಹೇಳಿದರು. ಮಾದರಿಯ ತುಂಡನ್ನು ಟೀಚರ ಕೈಗೆ ಕೊಟ್ಟಾಗ ಅವರು ಅದರ ಮೇಲೆ ಹೆಬ್ಬೆರಳು ಆಡಿಸಿದರು. “ನುಣುಪು ಚೆನ್ನಾಗುಂಟು” ಎಂದರು. ಬಣ್ಣದ ಬಗ್ಗೆ ಏನೂ ಹೇಳಲಿಲ್ಲ.

ಒಡೆಯುವ ದಿನ ಟೀಚರ್ ಹಿತ್ತಿಲ ಕಟ್ಟೆಯ ಮೇಲೆ ಕೂತಿದ್ದರು. ಒಳಗಿನಿಂದ ಉಳಿಯ ಸದ್ದು ಬರುತ್ತಿತ್ತು. ಮೇಸ್ತ್ರಿ ಇಡಿಯಾಗಿ ಬಿಟ್ಟು ಬಂದ ಟೈಲ್ಸುಗಳನ್ನು ಬೇರೆ ಇಟ್ಟು, ಶೆಟ್ಟಿಕೊಪ್ಪದ ತನ್ನ ಮನೆಗೆ ಒಯ್ಯಲೇ ಎಂದು ಕೇಳಿದ. ಒಯ್ಯಿ ಎಂದರು. ಉಳಿದ ಚೂರುಗಳು ರಸ್ತೆಯ ಗುಂಡಿಗೆ ಹೋದವು. ಸ್ವಲ್ಪ ಕಾಲ ಆ ರಸ್ತೆಯಲ್ಲಿ ಬಿಸಿಲು ಬಿದ್ದಾಗ ಅಲ್ಲಲ್ಲಿ ಹಸಿರು ಹೊಳೆಯುತ್ತಿತ್ತು...

ಹೊಸ ಬಚ್ಚಲು ಚೆನ್ನಾಗಿಯೇ ಇತ್ತು. ನೋಡಲು ಬಂದವರೆಲ್ಲ ಹಾಗೆಂದರು. ಬಾಗಿಲು ತೆಗೆದರೆ ಕಣ್ಣು ಕೋರೈಸುವ ಬೆಳಕು. ಗೋಡೆ, ನೆಲ, ಕಮೋಡ್ ಎಲ್ಲ ಬಿಳಿ. ಹೊಂದಲಿ ಎಂದು ಸೊಸೆ ಬಕೆಟ್ಟನ್ನೂ ಮಗ್ಗನ್ನೂ ಬಿಳಿಯದೇ ತಂದಿದ್ದರು.

ಮೊದಲ ಬೆಳಿಗ್ಗೆ ಟೀಚರ್ ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ನೀರಿನ ಸದ್ದೂ ಇರಲಿಲ್ಲ. ಆಮೇಲೆ ಒಮ್ಮೆಲೆ ನಲ್ಲಿ ಬಿಟ್ಟ ಸದ್ದು, ಮಗ್ ಬಿದ್ದ ಸದ್ದು. ಹೊರಗೆ ಬಂದಾಗ ಮುಖದಲ್ಲಿ ಏನೂ ಗೊತ್ತಾಗುವಂತಿರಲಿಲ್ಲ. ಆ ವಾರದಿಂದ ಅಡುಗೆ ತಡವಾಗತೊಡಗಿತು. ಸೊಸೆ ಅಂಗಡಿಗೆ ಹೊರಡುವ ಹೊತ್ತಿಗೆ ಮುಗಿದಿರುತ್ತಿದ್ದ ಸಾರು, ಈಗ ಕುದಿಯಲು ಶುರುವಾಗುತ್ತಿತ್ತು. ವಯಸ್ಸು ಎಂದು ಎಲ್ಲರೂ ಅಂದುಕೊಂಡರು.

ಗೋಡೆಯೇ ಹೇಳಿತು. ಒಂದು ಶುಕ್ರವಾರ, ಟೀಚರ ಎಣ್ಣೆಸ್ನಾನದ ನಂತರ, ಸೊಸೆ ನನ್ನನ್ನು ಕರೆದರು. ಕೈಯಲ್ಲಿ ಒರೆಸುವ ಬಟ್ಟೆ ಇತ್ತು. “ನೋಡಿ ಇಲ್ಲಿ. ದಿನಾ ಒರೆಸ್ತಿದ್ದೆ. ಕೆಲಸದವಳದ್ದು ಅಂದ್ಕೊಂಡಿದ್ದೆ.” ಬಿಳಿ ಗೋಡೆಯ ಮೇಲೆ ಎಣ್ಣೆ ಹಿಡಿದ ಅಂಗೈ ಗುರುತುಗಳು. ಬಾಗಿಲಿನ ಪಕ್ಕ ಒಂದು, ಅದರಾಚೆ ಇನ್ನೊಂದು, ಹಾಗೇ ಸಾಲಾಗಿ ಗೋಡೆ ಹಿಡಿದು ಹೋಗಿದ್ದವು. ನಲ್ಲಿಯನ್ನು ದಾಟಿ ಮೂಲೆಯವರೆಗೆ ಹೋಗಿ, ಅಲ್ಲಿ ಒಂದರ ಮೇಲೊಂದು ಬಿದ್ದು, ಮತ್ತೆ ಹಿಂದಕ್ಕೆ ಬಂದಿದ್ದವು. ಕಮೋಡಿನ ಮುಚ್ಚಳದ ಮೇಲೂ ಇದ್ದವು.

ಟೀಚರ್ ಜಗಲಿಯಲ್ಲಿದ್ದರು. ಸೊಸೆ ಹೋಗಿ ಎದುರು ಕೂತರು.

“ಅತ್ತೆ, ನಿಮಗೆ ಬಚ್ಚಲಲ್ಲಿ ಕಾಣ್ತದಾ?”

“ಬಚ್ಚಲಲ್ಲಿ ಎಂತ ಕಾಣಬೇಕು? ಯಕ್ಷಗಾನವಾ?”

“ಬಕೆಟ್ ಕಾಣ್ತದಾ ಅಂತ ಕೇಳಿದ್ದು.”

ಟೀಚರ್ ಸೀರೆಯ ಸೆರಗನ್ನು ಮಡಿಲಲ್ಲಿ ಮಡಚಿದರು, ಬಿಡಿಸಿದರು. “ಬಿಳಿ ನೆಲದ ಮೇಲೆ ಬಿಳಿ ಬಕೆಟ್ ಇಟ್ಟರೆ ಯಾರಿಗೆ ಕಾಣ್ತದೆ ಮಾರಾಯ್ತಿ? ಹಾಲಿನ ಪಾತ್ರೆಯೊಳಗೆ ಇಳಿದ ಹಂಗಾಗ್ತದೆ. ನೆಲ ಎಲ್ಲಿ ಮುಗೀತು, ಗೋಡೆ ಎಲ್ಲಿ ಶುರುವಾಯ್ತು... ಹಸಿರಿದ್ದಾಗ ಗೊತ್ತಾಗ್ತಿತ್ತು. ಹಸಿರು ಗೋಡೆ, ಕೆಂಪು ನೆಲ, ಕರಿ ಪಟ್ಟಿ. ಅಷ್ಟು ಸಾಕಿತ್ತು ನನಗೆ.”

“ನಿಮಗೆ ಬೆಳಕಾಗಲಿ ಅಂತಲೇ ಬಿಳಿ ಹಾಕ್ಸಿದ್ದು.”

“ಗೊತ್ತು. ಅದಕ್ಕೇ ಹೇಳಲಿಲ್ಲ.”

ಸೊಸೆ ಸೆರಗಿನಿಂದ ಮುಖ ಒರೆಸಿಕೊಂಡರು. ಎಷ್ಟು ದಿನದಿಂದ ಕಣ್ಣು ಹೀಗೆ ಎಂದು ಕೇಳಿದರು. ಟೀಚರ್ ನನ್ನ ಕಡೆ ತಿರುಗಿ, “ಈ ಮಾಣಿ ಬಂದಾಗಿಂದ ನಾನು ಒಂದಕ್ಷರ ಓದಿಲ್ಲ” ಎಂದರು. ಯಾರಿಗೂ ಯಾಕೆ ಹೇಳಲಿಲ್ಲವೆಂದರೆ, ಹೇಳಿದ್ದರೆ ಮಡಿ ಬಿಡಿ ಅನ್ನುತ್ತಿದ್ದರು, ಅಷ್ಟೆ. ಒಲೆಯ ಹತ್ತಿರವೂ ಬಿಡುತ್ತಿರಲಿಲ್ಲ. ಅಡುಗೆಮನೆಯಲ್ಲಿ ಅವರಿಗೆ ಕಣ್ಣು ಬೇಕಿರಲಿಲ್ಲ. ಅಲ್ಲಿ ಯಾವ ಡಬ್ಬಿಯೂ ಜಾಗ ಬದಲಿಸಿರಲಿಲ್ಲ. ಆದರೆ ಒಲೆಯವರೆಗೆ ಹೋಗಲು ಬಚ್ಚಲನ್ನು ದಾಟಬೇಕಿತ್ತು.

“ನಾನೂ ಸ್ನಾನ ಮಾಡಿ ಮಡಿಯಲ್ಲೇ ಬತ್ತೆ ಅತ್ತೆ. ನಿಮ್ಮ ಕೈ ಹಿಡ್ಕೊಂಡು ಒಳಗೆ ನಿಲ್ಲಿಸ್ತೆ” ಎಂದರು ಸೊಸೆ.

“ಇನ್ನೊಬ್ಬರು ಮಾಡಿಸಿದ್ದಕ್ಕೆ ಸ್ನಾನ ಅನ್ನೋದಿಲ್ಲ ಕೂಸೇ. ತೊಳೆಯೋದು ಅಂತಾರೆ. ಪಾತ್ರೆ ತೊಳೆದ ಹಂಗೆ.” ಸಿಟ್ಟಿನಿಂದ ಹೇಳಿದ ಮಾತಲ್ಲ.

ಆಮೇಲೆ ಮನೆಯವರು ಮಾಡಿದ್ದನ್ನೆಲ್ಲ ನಾನು ನೋಡಿದೆ. ಮಗ ಕೆಂಪು ಬಕೆಟ್ ತಂದ. ಅದು ಕಂಡಿತು, ಆದರೆ ಬಾಗಿಲಿನಿಂದ ಅದರವರೆಗಿನ ನೆಲ ಕಾಣಲಿಲ್ಲ. ಎಲೆಕ್ಟ್ರಿಕ್ ಕೆಲಸದ ಕರಿ ಟೇಪನ್ನು ಗೋಡೆಯ ಬುಡದಲ್ಲಿ ಸುತ್ತಲೂ ಅಂಟಿಸಿದ. ನೀರು ತಾಗಿ ಅದು ಸುರುಳಿಯಾಗಿ ಎದ್ದು ಟೀಚರ ಕಾಲಿಗೆ ಸುತ್ತಿಕೊಂಡಿತು. ಹಸಿರು ಪೇಂಟ್ ಬಳಿದ. ಟೈಲ್ಸಿನ ನುಣುಪಿನ ಮೇಲೆ ಅದು ನಿಲ್ಲಲಿಲ್ಲ, ಉಗುರಿನಲ್ಲಿ ಕೆರೆದರೆ ಹಾಳೆಯಂತೆ ಬರುತ್ತಿತ್ತು. ಟೀಚರ್ ಮಾತ್ರ ಕೈಯಿಂದ ಆ ಬಚ್ಚಲನ್ನು ಕಲಿಯಲು ಹೊರಟಿದ್ದರು. ಬಾಗಿಲಿನಿಂದ ಕಮೋಡಿಗೆ, ಕಮೋಡಿನಿಂದ ನಲ್ಲಿಗೆ. ಕಲಿಯುತ್ತಲೂ ಇದ್ದರೇನೋ. ಅಷ್ಟರಲ್ಲಿ ಒಂದು ಬೆಳಿಗ್ಗೆ ಒಳಗೆ ಬಿದ್ದರು. ಚಿಲಕ ಹಾಕಿದ್ದರಿಂದ ಬಾಗಿಲು ಒಡೆಯಬೇಕಾಯಿತು. ಮಣಿಕಟ್ಟು ಉಳುಕಿತ್ತು. ಮಗ ಒಳಗೆ ಕಾಲಿಡುವ ಮೊದಲು, ಅವರು ಬಿದ್ದಲ್ಲಿಂದಲೇ, “ಮುಟ್ಟಬೇಡ, ನಾನು ಏಳ್ತೆ” ಎಂದರು. ಏಳಲಾಗಲಿಲ್ಲ. ಮಗ ಎತ್ತಿದ.

ಹಳೆಯ ಟೈಲ್ಸನ್ನೇ ಮತ್ತೆ ಹಾಕಿಸುವುದೆಂದು ಮಗ ಹಟ ಹಿಡಿದ. ರಸ್ತೆಯ ಗುಂಡಿಯಿಂದ ಒಂದು ಚೂರು ಆರಿಸಿ ಜೇಬಿಗೆ ಹಾಕಿಕೊಂಡ. ಭಾನುವಾರ ಅವನ ಬೈಕಿನ ಹಿಂದೆ ಕೂತು ನಾನೂ ಹೋದೆ. ನರಸಿಂಹರಾಜಪುರದ ಅಂಗಡಿಯವನು ಚೂರನ್ನು ತಿರುಗಿಸಿ ನೋಡಿ, “ಎಲ್ಲಿಂದ ಅಗೆದು ತಂದ್ರಿ ಮಾರಾಯ್ರೆ ಇದನ್ನ? ಇದು ಬರೋದು ನಿಂತು ಯಾವ ಕಾಲ ಆಯ್ತು. ಈಗ ಹಸಿರು ಅಂದ್ರೆ ತಿಳಿಹಸಿರು, ಮೇಲೆ ಹೂವು” ಎಂದ. ಹೂವಿನದ್ದನ್ನು ತೋರಿಸಿದ. ಅದು ಬಿಳಿಗಿಂತ ಸ್ವಲ್ಪವೇ ಬೇರೆ ಇತ್ತು.

ಅಲ್ಲಿಂದ ಶೆಟ್ಟಿಕೊಪ್ಪದಲ್ಲಿ ಮೇಸ್ತ್ರಿಯ ಮನೆ. ಇಡಿಯಾಗಿ ಸಿಕ್ಕಿದ್ದ ಟೈಲ್ಸನ್ನು ಅವನು ತನ್ನ ಅಡುಗೆಮನೆಯಲ್ಲಿ ಒಲೆಯ ಹಿಂದಿನ ಗೋಡೆಗೆ ಕೂರಿಸಿದ್ದ. ಅವನ ಹೆಂಡತಿ ಅದನ್ನು ದಿನವೂ ಒರೆಸುತ್ತಿದ್ದಳೆಂದು ನೋಡಿದರೆ ಗೊತ್ತಾಗುತ್ತಿತ್ತು. ಮಗ ಸಂಕೋಚದಿಂದಲೇ ಕೇಳಿದ. ಮೇಸ್ತ್ರಿ ವಿಷಯ ಕೇಳಿಕೊಂಡು, “ಟೀಚರಿಗೆ ಅಂದ್ರೆ ತೆಗೀದೆ ಇರೋಕಾಗ್ತದಾ? ನಂಗೂ ಕಿವಿ ಹಿಂಡಿ ಮಗ್ಗಿ ಕಲಿಸಿದವರು. ಆದರೆ ಒಡೀತದೆ, ಈಗ್ಲೇ ಹೇಳಿರ್ತೆ” ಎಂದ. ಉಳಿ ಇಟ್ಟು ಮೆಲ್ಲಗೆ ತಟ್ಟಿದ. ಮೊದಲನೆಯದು ಅಡ್ಡಕ್ಕೆ ಬಿರಿಯಿತು. ಎರಡನೆಯದು ಕೈಯಲ್ಲೇ ಪುಡಿಯಾಯಿತು. ಮೂರನೆಯದಕ್ಕೆ ಉಳಿ ಇಟ್ಟಾಗ ಮಗ ಅವನ ಕೈ ಹಿಡಿದ. “ಸಾಕು, ಬಿಡಿ.” ಮೇಸ್ತ್ರಿಯ ಹೆಂಡತಿ ಚೂರುಗಳನ್ನು ಗುಡಿಸಿದಳು. ನಮಗೆ ಕಾಫಿ ಕೊಟ್ಟಳು. ಗೋಡೆಯಲ್ಲಿ ಎರಡು ಸಿಮೆಂಟಿನ ಗುಳಿಗಳಿದ್ದವು...

ಕೊನೆಗೆ ಒಂದು ಕಡುಕಂದು ಟೈಲ್ಸ್ ಆರಿಸಿದರು. ಬಾಗಿಲಿನಿಂದ ನಲ್ಲಿಯವರೆಗೆ ಒಂದು ಪಟ್ಟಿಯಂತೆ ಹಾಕಿಸುವುದೆಂದಾಯಿತು. ಆದರೆ ಮೇಸ್ತ್ರಿ ಒಪ್ಪಿಕೊಂಡಿದ್ದ ಬೇರೆ ಕೆಲಸಗಳಿದ್ದವು. ನಡುವೆ ಟೀಚರನ್ನು ಶಿವಮೊಗ್ಗದ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದರು. ಪೊರೆಯಲ್ಲ, ನರ ಒಣಗಿದೆ, ಹೋದದ್ದು ಬರುವುದಿಲ್ಲ, ಇರುವುದನ್ನು ಔಷಧಿಯಲ್ಲಿ ಆದಷ್ಟು ಉಳಿಸಿಕೊಳ್ಳಬೇಕು ಎಂದರಂತೆ. ವಾಪಸು ಬಂದ ದಿನ ಟೀಚರ್ ನನ್ನಿಂದ ಪೇಪರ್ ಓದಿಸಿದರು. ತಪ್ಪು ಹಿಡಿಯಲಿಲ್ಲ.

ನವರಾತ್ರಿ ಕಳೆದ ಮೇಲೆ ಮೇಸ್ತ್ರಿ ಬಂದು ಕಂದು ಪಟ್ಟಿ ಹಾಕಿದ. ಸಿಮೆಂಟ್ ಒಣಗಿದ ಮೇಲೆ ಮಗ ತಾಯಿಯನ್ನು ಬಚ್ಚಲ ಬಾಗಿಲಿಗೆ ಕರೆದ. ಸೊಸೆಯೂ ನಾನೂ ಹಿಂದೆ ನಿಂತಿದ್ದೆವು. ಬಿಳಿಯ ನಡುವೆ ಆ ಪಟ್ಟಿ ಗದ್ದೆಯ ಬದುವಿನಂತೆ ಎದ್ದು ಕಾಣುತ್ತಿತ್ತು. ಟೀಚರ್ ಚೌಕಟ್ಟು ಹಿಡಿದು ಬಹಳ ಹೊತ್ತು ನೋಡಿದರು.

“ಯಾವಾಗ ಹಾಕ್ತಾರಂತೆ?” ಎಂದು ಕೇಳಿದರು.

ಮಗ, “ನಾಳೆ ಅಮ್ಮ” ಎಂದ.

ಅಂದಿನಿಂದ ಕೋಲಿನ ಮೇಲಿನ ಮಡಿಸೀರೆ ಅಲ್ಲೇ ಉಳಿಯಿತು. ಸೊಸೆ ಅವರನ್ನು ಬಕೆಟ್ಟಿನ ಹತ್ತಿರ ಕೂರಿಸಿ ಮೈತೊಳೆಸುತ್ತಿದ್ದರು. ಟೀಚರ್ ಬೇಡವೆನ್ನಲಿಲ್ಲ. ಆದರೆ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ, ಅನ್ನ ಮುಟ್ಟಲಿಲ್ಲ. ಹಾಲು, ಬಾಳೆಹಣ್ಣು, ನೆನೆಸಿದ ಅವಲಕ್ಕಿ. ಸೊಸೆ ಮಡಿಯುಟ್ಟು ಅನ್ನ ಮಾಡಿ ತಂದರೂ ಉಣ್ಣಲಿಲ್ಲ. “ನಿನ್ನದೇನೂ ತಪ್ಪಿಲ್ಲ. ನಾನು ಮಡಿಯಲ್ಲಿಲ್ಲವಲ್ಲ” ಎನ್ನುತ್ತಿದ್ದರು. ಮಗ ಒಮ್ಮೆ ತಟ್ಟೆ ಹಿಡಿದುಕೊಂಡು ಅವರ ಮುಂದೆ ಕೂತವನು, ಅನ್ನ ಆರಿ ಗಟ್ಟಿಯಾಗುವವರೆಗೆ ಕೂತೇ ಇದ್ದ. ನಾನು ಮೆಟ್ಟಿಲ ಮೇಲಿದ್ದೆ. ಇಳಿಯಲೂ ಆಗಲಿಲ್ಲ, ಹತ್ತಲೂ ಆಗಲಿಲ್ಲ.

ಮುಂದಿನ ವರ್ಷದ ಆರಂಭದಲ್ಲಿ ನನಗೆ ವರ್ಗವಾಯಿತು. ಹೊರಡುವ ದಿನ ಟೀಚರ ಕಾಲು ಮುಟ್ಟಿದೆ. ಕಾಲಿನ ಮೂಳೆ ಕೈಗೆ ಸಿಕ್ಕಿತು. “ವಾಕ್ಯ ಚಿಕ್ಕದು ಮಾಡು” ಎಂದರು. ಅವರು ಮತ್ತೆ ಅನ್ನ ಉಣ್ಣುತ್ತಾರೆ ಎಂದು ನನಗಾಗಲಿ, ಬಾಗಿಲಲ್ಲಿ ನಿಂತಿದ್ದ ಮಗ ಸೊಸೆಗಾಗಲಿ ಅನ್ನಿಸಿರಲಿಲ್ಲ.

2009ರ ಕೊನೆಯಲ್ಲಿ ಟೀಚರ್ ತೀರಿಕೊಂಡರು. ಮಗ ಎಸ್ಸೆಮ್ಮೆಸ್ ಕಳಿಸಿದ್ದ. ನಾನು ದೂರದ ಊರಿನಲ್ಲಿದ್ದೆ, ಹೋಗಲಾಗಲಿಲ್ಲ. ಅದಾದ ಮೇಲೆ ಆ ಮನೆಯವರ ಜೊತೆ ಮಾತಾಡಿದ್ದು ಕಳೆದ ತಿಂಗಳೇ, ಟೈಲ್ಸ್ ಅಂಗಡಿಯಿಂದ ಹೊರಗೆ ಬಂದು. ಫೋನ್ ತೆಗೆದವರು ಸೊಸೆ. ಬಚ್ಚಲು ಈಗಲೂ ಬಿಳಿಯೇ ಅಂತೆ. ಮೇಲಿನ ಕೋಣೆಯನ್ನು ನನ್ನ ನಂತರ ಯಾರಿಗೂ ಬಾಡಿಗೆಗೆ ಕೊಡಲಿಲ್ಲವಂತೆ. ಯಾಕೆಂದು ಕೇಳಿದ್ದಕ್ಕೆ ಹೇಳಿದರು.

“ಅಲ್ಲಿನ ಬಚ್ಚಲು ನನಗೆ ಬೇಕಾಯ್ತು. ಮೊದಲು ನಾನು ಮೇಲೆ ಸ್ನಾನ ಮಾಡಿ ಮಡಿಯುಟ್ಟು, ಕೆಳಗಿನ ಬಚ್ಚಲಲ್ಲಿ ಹೋಗಿ ನಿಲ್ತಿದ್ದೆ. ಅತ್ತೆಗೆ ಹೇಳ್ತಿರ್ಲಿಲ್ಲ. ಇನ್ನು ನೀವೊಬ್ಬರೇ ಮಾಡಿ ಅತ್ತೆ, ನಾನು ಹೊರಗಿರ್ತೆ ಅಂದಿದ್ದೆ. ಅವರು ಬಂದು ಬಾಗಿಲು ಹಾಕ್ಕೊಂಡ ಮೇಲೆ, ಕೈ ಚಾಚಿದಲ್ಲಿಗೆ ಬಕೆಟ್ ಸರಿಸ್ತಿದ್ದೆ. ಮಗ್ಗಿಗೆ ತಡಕಾಡಿದ್ರೆ ಮಗ್ ಇಡ್ತಿದ್ದೆ. ಅವರನ್ನ ಮುಟ್ತಿರ್ಲಿಲ್ಲ. ಬಳೆ ಸದ್ದಾಗ್ತದೆ ಅಂತ ಕೈಗೊಂದೇ ಬಳೆ ಇಟ್ಕೊಂಡಿದ್ದೆ. ಸ್ನಾನ ಆಗಿ ಮಡಿಸೀರೆ ಉಟ್ಟು ಅವರೇ ಅನ್ನ ಇಟ್ರು. ಕೊನೇ ತನಕ ಅವರೇ ಇಟ್ರು.”

ಅವರಿಗೆ ಗೊತ್ತಿತ್ತೇ ಎಂದು ಕೇಳಿದೆ.

“ಒಂದು ಸಲ ನನಗೆ ಜ್ವರ ಬಂದು ಏಳಲಿಕ್ಕಾಗಲಿಲ್ಲ. ಅತ್ತೆಗೆ ಯಾರೂ ಹೇಳಿರಲಿಲ್ಲ. ಅವತ್ತು ಅವರು ಬಚ್ಚಲ ಬಾಗಿಲ ತನಕ ಬಂದರಂತೆ, ಒಳಗೆ ಕಾಲಿಟ್ಟು ಒಂದು ಗಳಿಗೆ ನಿಂತರಂತೆ. ಆಮೇಲೆ ತಿರುಗಿ ಹೋಗಿ ಮಲಗಿದರು. ಇವರು ಹೋಗಿ ಸ್ನಾನ ಇಲ್ವಾ ಅಮ್ಮ ಅಂದ್ರೆ, ಇವತ್ತು ಬೇಡ ಅಂದರಂತೆ. ನಾನು ಎದ್ದು ಓಡಾಡುವ ತನಕ ಸ್ನಾನಕ್ಕೆ ಹೋಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ನಾನು ಹೋಗಿ ಒಳಗೆ ನಿಂತೆ. ಅವರು ಬಂದು ಬಾಗಿಲು ಹಾಕ್ಕೊಂಡರು.”